ಹಿತ್ತಿಲ ಈಜುಕೊಳ: ಜುಲೈವರೆಗಿನ ಕೆಲಸ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಹಿತ್ತಿಲಲ್ಲಿ ಕಟ್ಟುತ್ತಿರುವ ಈಜುಕೊಳಕ್ಕೆ ಈಗ ನೀರು ತುಂಬಿದೆ. ಟೈಲ್ಸ್ ಮುಗಿದಿದೆ, ಪಂಪ್ ಓಡುತ್ತಿದೆ. ಸುತ್ತಲಿನ ಕಲ್ಲುಹಾಸು ಮತ್ತು ಬೇಲಿ ಬಾಕಿ. ಮಳೆ ಹಿಡಿದುಕೊಂಡಿರುವುದರಿಂದ ಹೊರಗಿನ ಕೆಲಸ ನಿಂತಿದೆ. ಇಲ್ಲಿಯವರೆಗೆ ಆಗಿದ್ದನ್ನು ಬರೆದಿಡಲು ಇದೇ ಸಮಯ.

ಒಳ ಅಳತೆ 8 ಮೀಟರ್ ಉದ್ದ, 4 ಮೀಟರ್ ಅಗಲ. ಆಳ ಎಲ್ಲ ಕಡೆ 1.4 ಮೀಟರ್. ಸುಮಾರು 45 ಸಾವಿರ ಲೀಟರ್ ನೀರು. ಒಂದು ತುದಿಯಲ್ಲಿ ಆಳ ಜಾಸ್ತಿ ಇಡೋಣ, ಡೈವ್ ಹೊಡೆಯಬಹುದು ಎಂದು ಮನೆಯ ಹುಡುಗರ ವಾದ. ನಾನು ಒಪ್ಪಲಿಲ್ಲ. ಇಷ್ಟು ಚಿಕ್ಕ ಕೊಳದಲ್ಲಿ ಡೈವ್ ಹೊಡೆದರೆ ಕುತ್ತಿಗೆಗೆ ಅಪಾಯ. ಅದೂ ಅಲ್ಲದೆ, ಆಳ ಹೋದಷ್ಟೂ ನೆಲದೊಳಗಿನ ನೀರಿನ ಕಾಟ ಜಾಸ್ತಿ.

ಈ ಕಾಟದ ಬಗ್ಗೆಯೇ ಹೆಚ್ಚು ಬರೆಯಬೇಕು. ಈಜುಕೊಳ ಕಟ್ಟುವ ವಿಡಿಯೊಗಳನ್ನು ನೋಡಿ, ಎಲ್ಲರ ಚಿಂತೆಯೂ ಒಂದೇ: ಒಳಗಿನ ನೀರು ಹೊರಗೆ ಸೋರಬಾರದು. ಮಲೆನಾಡಿನಲ್ಲಿ ಅದು ಎರಡನೇ ಚಿಂತೆ. ಮೊದಲನೆಯದು ಹೊರಗಿನ ನೀರು. ಮಳೆಗಾಲದಲ್ಲಿ ನಮ್ಮ ನೆಲವೇ ತುಂಬಿ ನಿಂತಿರುತ್ತದೆ. ಮೇ ತಿಂಗಳಲ್ಲಿ ಹಗ್ಗ ಸಾಲದ ಬಾವಿಯಲ್ಲಿ ಆಗಸ್ಟ್ ಹೊತ್ತಿಗೆ ಬಗ್ಗಿ ಕೊಡ ಅದ್ದಬಹುದು. ಕೊಳದ ಜಾಗವೂ ಬಾವಿಯ ಮಟ್ಟದಲ್ಲೇ ಇದೆ. ಹೋದ ಮಳೆಗಾಲ ಪೂರ್ತಿ ಬಾವಿಯ ನೀರಿನ ಮಟ್ಟ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆ. ತುಂಬಾ ಮೇಲೆ ಬಂದಾಗ ನೆಲದಿಂದ ಒಂದೂವರೆ ಅಡಿ ಕೆಳಗಿತ್ತು.

ಈಗ ಲೆಕ್ಕ ನೋಡಿ. ಗೋಡೆ, ತಳ ಎರಡೂ 200 ಮಿಲಿಮೀಟರ್ ದಪ್ಪ. ಅಂದರೆ ಹೊರ ಅಳತೆ 8.4 ಮೀಟರ್‌ಗೆ 4.4 ಮೀಟರ್, ತಳ ಸೇರಿ ಎತ್ತರ 1.6 ಮೀಟರ್. ಕಾಂಕ್ರೀಟಿನ ತೂಕ ಸುಮಾರು 36 ಟನ್. ಸುತ್ತಲಿನ ನೀರು ನೆಲಮಟ್ಟಕ್ಕೆ ಬಂದರೆ ಅದು ಕೊಳವನ್ನು ಮೇಲಕ್ಕೆ ತಳ್ಳುವ ಬಲ ಸುಮಾರು 59 ಟನ್. ಕೊಳ ಖಾಲಿ ಇದ್ದರೆ ಅದು ದೋಣಿಯ ಹಾಗೆ ಏಳುತ್ತದೆ. ಬಾವಿಯ ನೀರು ಎರಡಡಿ ಕೆಳಗಿದ್ದಾಗ ತೂಕ, ತಳ್ಳುವ ಬಲ ಎರಡೂ ಹೆಚ್ಚುಕಮ್ಮಿ ಸಮ. ಒಂದೂವರೆ ಅಡಿಗೆ ಬಂದರೆ ಕಥೆ ಮುಗಿಯಿತು. ಕೊಳ ತುಂಬಿದ್ದರೆ ಮಾತ್ರ ಒಳಗಿನ 45 ಟನ್ ನೀರು ಸೇರಿ ಭದ್ರವಾಗಿ ಕೂರುತ್ತದೆ. ಹಾಗಾಗಿ ಮೊದಲನೇ ನಿಯಮ: ಮಳೆಗಾಲದಲ್ಲಿ ಕೊಳ ಖಾಲಿ ಮಾಡುವಂತಿಲ್ಲ, ಯಾವ ಕಾರಣಕ್ಕೂ. ಕ್ಲೀನ್ ಮಾಡುತ್ತೇನೆ ಎಂದು ಯಾರಾದರೂ ಪಂಪ್ ಹಿಡಿದು ಬಂದರೂ ಸರಿ.

ತಳದ ಕಾಂಕ್ರೀಟನ್ನು ಗೋಡೆಯಿಂದ ಆಚೆಗೆ ಒಂದಡಿ ಚಾಚಿಸಿದ್ದೇವೆ. ಅದರ ಮೇಲೆ ಮಣ್ಣು ಕೂತು ಸ್ವಲ್ಪ ಭಾರ ಕೊಡುತ್ತದೆ. ಅದನ್ನೂ ಸೇರಿಸಿದರೆ 48 ಟನ್ ಹತ್ತಿರ ಬರುತ್ತದೆ. ಇನ್ನೂ ಸಾಲದು. ದಪ್ಪ ಹೆಚ್ಚಿಸಿ ಗೆಲ್ಲಬಹುದಿತ್ತು, ಆದರೆ ಸುಮ್ನೆ ಕಾಂಕ್ರೀಟ್ ಸುರಿದು ಗೆಲ್ಲುವುದು ದುಬಾರಿ ದಾರಿ. ನೀರನ್ನು ಅಲ್ಲಿ ನಿಲ್ಲಲು ಬಿಡದಿರುವುದೇ ಸುಲಭ.

ಜನವರಿಯಲ್ಲಿ, ಅಡಿಕೆ ಕೊಯ್ಲು ಮುಗಿದ ಮೇಲೆ ಜೆಸಿಬಿ ಬಂತು. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಜಂಬಿಟ್ಟಿಗೆ (ಲ್ಯಾಟರೈಟ್ ಕಲ್ಲು). ಜಂಬಿಟ್ಟಿಗೆಯಲ್ಲೇ ತಳ ಸಿಕ್ಕಿದ್ದರೆ ಚೆನ್ನಾಗಿತ್ತು. ಸಿಗಲಿಲ್ಲ. ಒಂದು ಮೂಲೆಯಲ್ಲಿ ಅದನ್ನು ದಾಟಿ ಶೇಡಿ ಮಣ್ಣು ಬಂತು, ಹಿಂದೆ ಗೋಡೆಗೆ ಬಳಿಯುತ್ತಿದ್ದ ಅದೇ ಬಿಳಿ ಮಣ್ಣು. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಬೆಣ್ಣೆ. ಅರ್ಧ ಕೊಳ ಗಟ್ಟಿ ನೆಲದ ಮೇಲೆ, ಅರ್ಧ ಮೆತ್ತನೆ ನೆಲದ ಮೇಲೆ ಕೂತರೆ ಬಿರುಕು ಗ್ಯಾರಂಟಿ. ಆ ಮೂಲೆಯನ್ನು ಇನ್ನಷ್ಟು ಅಗೆಸಿ, ಶೇಡಿ ತೆಗೆಸಿ, ಸೈಜುಗಲ್ಲು ಮತ್ತು ಜಲ್ಲಿ ತುಂಬಿಸಿ ದಮ್ಮಸ್ ಹೊಡೆಸಿದೆವು. ಮೇಸ್ತ್ರಿಗೆ ಇದು ಅತಿ ಅನ್ನಿಸಿತು. ಅವರ ಪ್ರಕಾರ ಜಂಬಿಟ್ಟಿಗೆ ಕಲ್ಲಿನಲ್ಲೇ ಗೋಡೆ ಕಟ್ಟಿ ಒಳಗೆ ಗಿಲಾವು ಮಾಡಿದರೆ ಸಾಕಿತ್ತು.

ಮೇಸ್ತ್ರಿಯ ಮಾತಿನಲ್ಲಿ ಹುರುಳಿಲ್ಲ ಎಂದೇನಲ್ಲ. ಹೊಸನಗರ ತಾಲೂಕಿನ ನಗರದ ಹತ್ತಿರ ದೇವಗಂಗೆ ಕೊಳ ನೋಡಿದ್ದೀರಲ್ವಾ? ಕೆಳದಿ ಅರಸರ ಕಾಲದ್ದು, ಅಂದರೆ 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರು (ಈಗಿನ ನಗರ) ಹಿಡಿಯುವುದಕ್ಕೂ ಮುಂಚಿನದು. ಬರೀ ಕಲ್ಲಿನ ಕೆಲಸ, ಇವತ್ತಿಗೂ ನಿಂತಿದೆ. ಗುಡ್ಡದ ನೀರು ಬರುತ್ತದೆ, ಹೋಗುತ್ತದೆ. ಕಲ್ಲಿನ ಸಂದಿಯಲ್ಲಿ ನೀರು ಆಡುವುದರಿಂದ ಒಳಗಿನ ಮಟ್ಟ, ಹೊರಗಿನ ಮಟ್ಟ ಎರಡೂ ಒಂದೇ ಆಗಿರುತ್ತವೆ, ಎತ್ತುವ ಪ್ರಶ್ನೆಯೇ ಇಲ್ಲ. ಆದರೆ ಹರಿಯುವ ನೀರು ಬೇರೆ. ನಿಂತ ನೀರನ್ನು ಫಿಲ್ಟರ್ ಮಾಡಿ ಕ್ಲೋರಿನ್ ಹಾಕಿ ಇಟ್ಟುಕೊಳ್ಳಬೇಕಾದರೆ ಸಂದಿಯಿಲ್ಲದ ಪೆಟ್ಟಿಗೆಯೇ ಬೇಕು. ನಮ್ಮ ಗುಡ್ಡದ ಅಬ್ಬಿ ನೀರು ಬೇಸಿಗೆಯಲ್ಲಿ ಬೆರಳು ಗಾತ್ರಕ್ಕೆ ಇಳಿಯುತ್ತದೆ, ಅದನ್ನು ನಂಬಿ ಹರಿಯುವ ಕೊಳ ಮಾಡಲಾಗದು.

ಬಸಿ ವ್ಯವಸ್ಥೆ ಹೀಗೆ ಮಾಡಿದ್ದೇವೆ. ಗುಂಡಿಯ ತಳದ ಸುತ್ತ ತೂತು ಇರುವ 110 ಮಿಲಿಮೀಟರ್ ಪಿವಿಸಿ ಪೈಪ್, ಅದರ ಸುತ್ತ 40 ಮಿಲಿಮೀಟರ್ ಜಲ್ಲಿ, ಮಣ್ಣು ಸೇರದ ಹಾಗೆ ಎಲ್ಲಕ್ಕೂ ಜಿಯೋಟೆಕ್ಸ್‌ಟೈಲ್ ಬಟ್ಟೆ. ಕೊಳದ ತಳದಡಿಯೂ ಅದೇ ಜಲ್ಲಿಯ ಹಾಸು. ಪೈಪಿಗೆ ನೂರಕ್ಕೆ ಒಂದರ ಇಳಿಜಾರು. ಜಾಗ ತೋಟದ ಕಡೆಗೆ ಇಳಿದಿರುವುದೇ ನಮ್ಮ ಪುಣ್ಯ. ಪೈಪಿನ ಬಾಯಿ ನೇರವಾಗಿ ಅಡಿಕೆ ತೋಟದ ಬಸಿಗಾಲುವೆಗೆ ಬಿದ್ದಿದೆ, ಪಂಪ್ ಬೇಕಿಲ್ಲ. ಸಪಾಟು ಜಾಗದಲ್ಲಿ ಕಟ್ಟುವವರು ಒಂದು ಚಿಕ್ಕ ಬಾವಿ ಮಾಡಿ ಪಂಪ್ ಇಡಬೇಕಾಗುತ್ತದೆ. ಮಳೆಗಾಲದಲ್ಲಿ ನಮ್ಮ ಕರೆಂಟ್ ನಂಬಿ ಅದನ್ನು ಮಾಡುವ ಧೈರ್ಯ ನನಗಂತೂ ಇಲ್ಲ. ಕೊಳದ ಪಕ್ಕದಲ್ಲೇ ಒಂದು ನೇರ ಪೈಪನ್ನು ಜಲ್ಲಿಯವರೆಗೆ ಇಳಿಸಿ ಮುಚ್ಚಳ ಹಾಕಿದ್ದೇನೆ. ಟಾರ್ಚ್ ಬಿಟ್ಟರೆ ಕೆಳಗೆ ನೀರು ಎಷ್ಟಿದೆ ಗೊತ್ತಾಗುತ್ತದೆ. ಇಡೀ ಕೊಳದಲ್ಲಿ ನನಗೆ ಅತಿ ಇಷ್ಟವಾದ ಸಾಮಾನು ಇದೇ.

ತಳದ ಡ್ರೈನಿನಲ್ಲಿ ಒಂದು ಹೈಡ್ರೋಸ್ಟ್ಯಾಟಿಕ್ ವಾಲ್ವ್ ಕೂಡ ಇದೆ. ಹೊರಗಿನ ಒತ್ತಡ ಜಾಸ್ತಿಯಾದರೆ ಅದು ತಾನೇ ತೆರೆದು ನೆಲದ ನೀರನ್ನು ಕೊಳದೊಳಗೆ ಬಿಡುತ್ತದೆ. ಕೆಸರು ನೀರು ಬಂದರೂ ಪರವಾಗಿಲ್ಲ, ಕೊಳ ಉಳಿಯುತ್ತದೆ. ಅದು ಕೊನೆಯ ಆಸರೆ ಅಷ್ಟೇ.

ಕಂಬಿ, ಕಾಂಕ್ರೀಟ್ ಕೆಲಸ ಮಾರ್ಚ್ ಒಳಗೆ ಮುಗಿಯಿತು. ನೀರು ಹಿಡಿಯುವ ಕಟ್ಟಡಕ್ಕೆ ಐಎಸ್ 3370 ಎಂಬ ಮಾನದಂಡವಿದೆ, ಅದರಂತೆ ಎಂ30 ದರ್ಜೆಯ ಕಾಂಕ್ರೀಟ್. ಕಂಬಿ 10 ಮಿಲಿಮೀಟರ್, 150 ಮಿಲಿಮೀಟರ್‌ಗೊಂದರಂತೆ ಎರಡು ಜಾಲ. ತಳ ಹಾಕುವಾಗಲೇ ಗೋಡೆಯನ್ನೂ ಆರಿಂಚು ಎಬ್ಬಿಸಿ, ಆ ಜೋಡಣೆಯಲ್ಲಿ ವಾಟರ್ ಸ್ಟಾಪರ್ ಪಟ್ಟಿ ಕೂರಿಸಿದೆವು. ಸೋರಿಕೆ ಶುರುವಾಗುವುದೇ ಅಲ್ಲಿ. ಖರ್ಚು ಕೇಳುವವರಿಗೆ: ಅರ್ಧಕ್ಕಿಂತ ಜಾಸ್ತಿ ಹೋಗಿದ್ದು ಕಂಬಿ-ಕಾಂಕ್ರೀಟಿಗೆ. ಬಸಿ ಪೈಪಿಗೆ ಹೋಗಿದ್ದು ಕೈಕಾಸು.

ಟೈಲ್ಸ್‌ಗೆ ಮೊದಲು ನೀರು ತುಂಬಿಸಿ ಸೋರಿಕೆ ಪರೀಕ್ಷೆ. ಏಪ್ರಿಲ್ ಬಿಸಿಲಿಗೆ ನೀರು ಆವಿಯಾಗಿ ಇಳಿದೇ ಇಳಿಯುತ್ತದೆ, ಅದನ್ನು ಸೋರಿಕೆ ಅಂದುಕೊಳ್ಳಬಾರದು. ಮೆಟ್ಟಿಲ ಮೇಲೆ ಒಂದು ಬಕೆಟ್ ಇಟ್ಟು, ಅದರಲ್ಲೂ ಕೊಳದಷ್ಟೇ ಮಟ್ಟಕ್ಕೆ ನೀರು ತುಂಬಿಸಿ. ಎರಡೂ ಒಂದೇ ಸಮ ಇಳಿದರೆ ಅದು ಬಿಸಿಲಿನ ಪಾಲು. ನಮ್ಮಲ್ಲಿ ಒಂದೇ ಸಮ ಇಳಿಯಿತು.

ಬಾವಿ ನೀರಿನ ವಿಷಯಕ್ಕೆ ಬರೋಣ. ಮಲೆನಾಡಿನ ನೀರು ಕುಡಿಯಲು ರುಚಿ, ಕೊಳಕ್ಕೆ ಸ್ವಲ್ಪ ತಕರಾರು. ಪಿಎಚ್ 6ರ ಆಸುಪಾಸು, ಸುಣ್ಣದ ಅಂಶ ಏನೇನೂ ಇಲ್ಲ. ಇಂಥ ಮೆದು ನೀರು ಸಿಮೆಂಟನ್ನು ನಿಧಾನಕ್ಕೆ ತಿನ್ನುತ್ತದೆ. ಅದಕ್ಕೇ ಟೈಲ್ಸ್ ಸಂದಿಗೆ ಎಪಾಕ್ಸಿ ತುಂಬಿಸಿದೆವು. ಪಿಎಚ್ 7.2ರಿಂದ 7.6ರಲ್ಲಿ ನಿಲ್ಲಬೇಕಾದರೆ ಮೊದಲು ಆಲ್ಕಲಿನಿಟಿ (ಪಿಎಚ್ ಏರಿಳಿಯದಂತೆ ಹಿಡಿದಿಡುವ ನೀರಿನ ಗುಣ) ಏರಿಸಬೇಕು, ಅದಕ್ಕೆ ಅಡುಗೆ ಸೋಡಾ ಸಾಕು. ಈ ಗಾತ್ರದ ಕೊಳದಲ್ಲಿ ಅದನ್ನು 10 ಪಿಪಿಎಂ (ಹತ್ತು ಲಕ್ಷಕ್ಕೆ 10 ಭಾಗ) ಏರಿಸಲು 800 ಗ್ರಾಂ ಬೇಕು. ಜಂಬಿಟ್ಟಿಗೆ ನೆಲದ ನೀರಿನಲ್ಲಿ ಕಬ್ಬಿಣವೂ ಇರುತ್ತದೆ. ಕ್ಲೋರಿನ್ ಬಿದ್ದ ತಕ್ಷಣ ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ. ಗಾಬರಿ ಬೇಡ, ಫಿಲ್ಟರ್ ಓಡಿಸುತ್ತಾ ಇದ್ದರೆ ತಿಳಿಯಾಗುತ್ತದೆ. 500 ಮಿಲಿಮೀಟರ್ ಮರಳಿನ ಫಿಲ್ಟರ್, ಗಂಟೆಗೆ 7,500 ಲೀಟರ್. ಆರು ಗಂಟೆಯಲ್ಲಿ ಕೊಳದಷ್ಟು ನೀರು ಒಮ್ಮೆ ಸುತ್ತಿ ಬರುತ್ತದೆ.

ಜೂನ್‌ನಿಂದ ಇದೆಲ್ಲಾ ತಲೆಕೆಳಗು. ರಾತ್ರಿ ನಾಲ್ಕಿಂಚು ಮಳೆ ಬಂದರೆ ಬೆಳಗ್ಗೆ ಕೊಳಕ್ಕೆ 3,200 ಲೀಟರ್ ಹೊಸ ನೀರು ಸೇರಿರುತ್ತದೆ. ಸೋಡಾ, ಕ್ಲೋರಿನ್ ಎಲ್ಲಾ ಓವರ್‌ಫ್ಲೋ ಪೈಪಿನಲ್ಲಿ ತೋಟಕ್ಕೆ. ಮಳೆಗಾಲ ಮುಗಿಯುವುದರೊಳಗೆ ಕೊಳದ ಎರಡು ಪಟ್ಟು ನೀರು ಮೇಲಿಂದಲೇ ಬೀಳುತ್ತದೆ. ಆಗುಂಬೆ ಕಡೆಯವರು ಇದನ್ನು ಎರಡರಿಂದ ಗುಣಿಸಿಕೊಳ್ಳಿ. ಈಗ ಹೆಚ್ಚು ತಲೆಕೆಡಿಸಿಕೊಳ್ಳುತ್ತಿಲ್ಲ. ಪಾಚಿ ಕಟ್ಟದಷ್ಟು ಕ್ಲೋರಿನ್, ದಿನಕ್ಕೆ ಸ್ವಲ್ಪ ಹೊತ್ತು ಪಂಪ್, ಅಷ್ಟೇ.

ಅಡಿಕೆ ಬೆಳೆಗಾರರು ಒಂದು ವಿಷಯ ಗಮನಿಸಿ. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುವಾಗ ಗಾಳಿಗೆ ಹಾರಿದ ಮೈಲುತುತ್ತ ಕೊಳಕ್ಕೆ ಬೀಳುತ್ತದೆ. ಪಾಚಿ ಔಷಧಿ ಎಂದು ಮಾರುವ ಕೆಲವು ಬಾಟಲಿಗಳಲ್ಲೂ ಇರುವುದು ತಾಮ್ರವೇ, ಆದರೆ ಅಳತೆ ಮೀರಿದರೆ ಟೈಲ್ಸ್ ಮೇಲೆ ಹಸಿರು ಕಲೆ. ಕೊಳವನ್ನು ತೋಟದ ಅಂಚಿನಿಂದ ದೂರ ಇಟ್ಟಿದ್ದಕ್ಕೆ ಇದೂ ಒಂದು ಕಾರಣ. ಔಷಧಿ ಹೊಡೆಯುವ ದಿನ ಟಾರ್ಪಾಲು ಎಳೆಯುತ್ತೇವೆ. ಕಪ್ಪೆಗಳಿಗೆ ಮೂಲೆಯಲ್ಲೊಂದು ಅಡಿಕೆ ದಬ್ಬೆ ಇಳಿಬಿಟ್ಟಿದ್ದೇನೆ, ಹತ್ತಿ ಹೋಗುತ್ತವೆ. ಇಲ್ಲದಿದ್ದರೆ ತೇಲುವ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿ ತೆಗೆಯುವ ಕೆಲಸ ಯಾರಿಗೂ ಬೇಡ.

ಈ ವಾರದ ಸ್ಥಿತಿ: ಬಾವಿಯಲ್ಲಿ ನೀರು ಮೇಲಿಂದ ಎರಡಡಿಗೆ ಬಂದಿದೆ. ಟಾರ್ಚ್ ಪೈಪಿನಲ್ಲಿ ಜಲ್ಲಿ ಕಾಣುತ್ತಿದೆ, ನೀರು ತಳದ ಕಾಂಕ್ರೀಟಿಗೆ ಮುಟ್ಟಿಲ್ಲ. ತೋಟದ ಕಡೆಯ ಪೈಪಿನ ಬಾಯಿಯಲ್ಲಿ ಹಗಲು-ರಾತ್ರಿ ತೋಳು ಗಾತ್ರದ ನೀರು. ವಾಲ್ವ್ ಇನ್ನೂ ತೆರೆಯುವ ಪ್ರಸಂಗ ಬಂದಿಲ್ಲ.

ಮಳೆ ಬಿಟ್ಟ ಮೇಲೆ ಮೊದಲು ಬೇಲಿ, ತಾನೇ ಮುಚ್ಚಿಕೊಳ್ಳುವ ಗೇಟು, ಆಮೇಲೆ ಕಲ್ಲುಹಾಸು. ಕಲ್ಲಿಗೆ ಜಂಬಿಟ್ಟಿಗೆ ಬೇಡ ಎಂದು ತೀರ್ಮಾನಿಸಿದ್ದೇನೆ, ಒಂದೇ ಮಳೆಗಾಲಕ್ಕೆ ಪಾಚಿ ಹಿಡಿದು ಜಾರುತ್ತದೆ. ಒರಟು ಮಾಡಿದ ಗ್ರಾನೈಟ್ ಹಾಕುವುದು. ಅಲ್ಲಿಯವರೆಗೆ ಹಿತ್ತಿಲ ಬಾಗಿಲಿಗೆ ಬೀಗ, ಕೀಲಿಕೈ ಮಕ್ಕಳ ಕೈಗೆ ಎಟುಕದ ಮೊಳೆಯಲ್ಲಿ.