ತಮ್ಮನ ಮಿಯಾಝಾಕಿ ಸಸಿ, ನಮ್ಮ ಬಾದಾಮಿ ಡಬ್ಬಿ

ಹೋದ ತಿಂಗಳು ತಮ್ಮ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ದ. ಕೆಂಪಗೆ ಹೊಳೆಯುವ ಮಾವಿನ ಹಣ್ಣು, ಪಕ್ಕದಲ್ಲಿ ಕಪ್ಪು ಕವರಿನ ಸಸಿ. ಮೇಲೆ ದಪ್ಪ ಅಕ್ಷರದಲ್ಲಿ ‘ಜಪಾನಿನ ಮಿಯಾಝಾಕಿ ಮಾವು, ಕೆ.ಜಿ.ಗೆ 2.70 ಲಕ್ಷ ರೂಪಾಯಿ’. ಜೊತೆಗೊಂದು ವಾಯ್ಸ್ ಮೆಸೇಜು: ‘ಅಣ್ಣಾ, ನೀನು ಅಲ್ಲೇ ಇದೀಯಲ್ಲ, ಇದು ನಿಜಾನಾ? ನಿಜ ಆದ್ರೆ ಕೆರೆ ಕಡೆ ಅರ್ಧ ಎಕರೆ ತೋತಾಪುರಿ ಕಡಿಸಿ ಇದನ್ನೇ ಹಾಕ್ಬಿಡೋಣ.’

ನಮ್ಮದು ಕೋಲಾರದ ಶ್ರೀನಿವಾಸಪುರದ ಕಡೆ. ಅಲ್ಲಿ ಹುಟ್ಟಿದವರಿಗೆ ಮಾವು ಅಂದ್ರೆ ಹಣ್ಣಲ್ಲ, ವರ್ಷದ ಲೆಕ್ಕ. ದೋಟಿಯಲ್ಲಿ ಕಿತ್ತು, ಕ್ರೇಟಿಗೆ ತುಂಬಿ, ಮಂಡಿಯಲ್ಲಿ ಇಳಿಸಿದರೆ ರೇಟು ಹೇಳುವವರು ಅವರು, ತಲೆ ಆಡಿಸುವವರು ನಾವು. ತೋತಾಪುರಿಯಂತೂ ಜ್ಯೂಸ್ ಫ್ಯಾಕ್ಟರಿಗೆ ಟನ್ ಲೆಕ್ಕದಲ್ಲಿ ಹೋಗುತ್ತದೆ. 2025ರ ಜೂನ್‌ನಲ್ಲಿ ಬೆಲೆ ಬಿದ್ದು, ಆಂಧ್ರದ ಗಡಿಯಲ್ಲಿ ನಮ್ಮ ಕಡೆಯ ಲಾರಿಗಳು ನಿಂತವಲ್ಲ, ಆಗ ಕೇಂದ್ರ ಸರ್ಕಾರ ಗೊತ್ತು ಮಾಡಿದ ಬೆಲೆ ಕ್ವಿಂಟಾಲಿಗೆ 1,616 ರೂಪಾಯಿ. ಕೆ.ಜಿ.ಗೆ ಹದಿನಾರು. ಅದನ್ನು ಕಂಡ ತಮ್ಮನ ಮುಂದೆ 2.70 ಲಕ್ಷ ಅಂದ್ರೆ ನಿದ್ದೆ ಬರುತ್ತಾ?

ಫೋನು ಮಾಡಿ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಅವನೊಬ್ಬನೇ ಅಲ್ಲ, ಊರಿನಿಂದ ಇನ್ನೂ ಮೂವರು ಕೇಳಿದ್ದಾರೆ.

ಮಿಯಾಝಾಕಿ ಅನ್ನೋದು ತಳಿಯ ಹೆಸರಲ್ಲ. ಜಪಾನಿನ ದಕ್ಷಿಣದಲ್ಲಿ ಕ್ಯೂಶೂ ದ್ವೀಪದ ಒಂದು ಪ್ರಾಂತ್ಯ. ತಳಿಯ ಹೆಸರು ಇರ್ವಿನ್, ಅದರ ತವರು ಅಮೆರಿಕದ ಫ್ಲೋರಿಡಾ. ಮಿಯಾಝಾಕಿಯಲ್ಲಿ ಇದನ್ನು ಪ್ಲಾಸ್ಟಿಕ್ ಮನೆಯೊಳಗೆ, ಚಳಿಗಾಲದಲ್ಲಿ ಬಿಸಿ ಕೊಟ್ಟು ಬೆಳೆಸುತ್ತಾರೆ. ಒಂದೊಂದು ಕಾಯಿಗೂ ಒಂದೊಂದು ಬಲೆ ಕಟ್ಟುತ್ತಾರೆ. ಕೀಳೋದಿಲ್ಲ. ಪೂರ್ತಿ ಹಣ್ಣಾಗಿ ತಾನೇ ತೊಟ್ಟು ಬಿಟ್ಟು ಬಲೆಗೆ ಬೀಳಬೇಕು. ಆಮೇಲೆ ತೂಕ, ಬಣ್ಣ, ಸಿಹಿ ಎಲ್ಲ ಪರೀಕ್ಷೆ. 350 ಗ್ರಾಂ ಮೇಲಿದ್ದು, ಸಿಹಿಯ ಅಳತೆ 15 ಡಿಗ್ರಿ ದಾಟಿ, ಮೈಮೇಲೆ ಕಲೆ ಇಲ್ಲದೆ ಕೆಂಪಗಿದ್ದರೆ ಮಾತ್ರ ‘ತೈಯೋ ನೊ ತಮಾಗೊ’ ಅನ್ನುವ ಚೀಟಿ ಅಂಟುತ್ತದೆ. ಸೂರ್ಯನ ಮೊಟ್ಟೆ ಅಂತ ಅರ್ಥ. ಉಳಿದವು ಬರೀ ಮಿಯಾಝಾಕಿ ಮಾವು, ಅಷ್ಟೆ.

15 ಡಿಗ್ರಿ ಅಂದಾಗ ತಮ್ಮ ನಕ್ಕ. ಅಡೆ ಹಾಕಿ ಹದವಾಗಿ ಹಣ್ಣಾದ ನಮ್ಮ ಬಾದಾಮಿ ಮಾವು ಅದನ್ನು ಆರಾಮವಾಗಿ ದಾಟುತ್ತದೆ.

ಹಾಗಾದ್ರೆ ಲಕ್ಷದ ಮಾತು ಎಲ್ಲಿಂದ ಬಂತು? ಪ್ರತಿ ಏಪ್ರಿಲ್‌ನಲ್ಲಿ ಮಿಯಾಝಾಕಿಯ ಸಗಟು ಮಾರುಕಟ್ಟೆಯಲ್ಲಿ ವರ್ಷದ ಮೊದಲ ಹರಾಜು. 2019ರಲ್ಲಿ ಎರಡು ಹಣ್ಣಿನ ಒಂದು ಡಬ್ಬಿ 5 ಲಕ್ಷ ಯೆನ್‌ಗೆ ಹೋಯಿತು, ಆಗಿನ ಲೆಕ್ಕದಲ್ಲಿ ಸುಮಾರು 3 ಲಕ್ಷ ರೂಪಾಯಿ. ಅದೇ ವರ್ಷ ಸಪ್ಪೊರೊದಲ್ಲಿ ಯೂಬಾರಿ ಕರಬೂಜದ ಜೋಡಿ 50 ಲಕ್ಷ ಯೆನ್‌ಗೆ ಹೋಗಿತ್ತು. ಇದಕ್ಕೆ ಇಲ್ಲಿ ‘ಗೋಶೂಗಿ ಸೋಬಾ’ ಅನ್ನುತ್ತಾರೆ, ಶುಭದ ರೇಟು ಅಂತ. ನಮ್ಮ ಬೋಣಿ ಇದ್ದ ಹಾಗೆ. ಕೊಂಡವರ ಹೆಸರು ಅವತ್ತು ಸಂಜೆ ಟೀವಿಯಲ್ಲಿ ಬರುತ್ತದೆ. ದುಡ್ಡು ಕೊಟ್ಟಿದ್ದು ಹಣ್ಣಿಗಲ್ಲ, ಆ ಸುದ್ದಿಗೆ.

ತಮ್ಮನಿಗೆ ಇದು ಅರ್ಥವಾಗಿದ್ದು ಬಾಲಾಪುರದ ಲಡ್ಡು ಉದಾಹರಣೆ ಕೊಟ್ಟಾಗ. ಹೈದರಾಬಾದಿನ ಆ ಗಣೇಶನ 21 ಕೆ.ಜಿ. ಲಡ್ಡು 2024ರಲ್ಲಿ 30 ಲಕ್ಷದ 1 ಸಾವಿರ ರೂಪಾಯಿಗೆ ಹರಾಜಾಯಿತು. ಹಾಗಂತ ಯಾವ ಬೇಕರಿಯವನಾದರೂ ಲಡ್ಡು ಕೆ.ಜಿ.ಗೆ ಒಂದೂವರೆ ಲಕ್ಷ ಅಂತ ಬೋರ್ಡ್ ಹಾಕಿದನಾ?

ಹರಾಜು ಬಿಟ್ಟು ಮಾಮೂಲಿ ಅಂಗಡಿಗೆ ಬರೋಣ. ಟೋಕಿಯೊದ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರುಗಳ ನೆಲಮಾಳಿಗೆ ಪೂರ್ತಿ ತಿಂಡಿ, ಹಣ್ಣು, ಸಿಹಿ. ಅಲ್ಲಿ ಸೂರ್ಯನ ಮೊಟ್ಟೆ ಒಂದಕ್ಕೆ 8,000 ಯೆನ್ ಇತ್ತು, 8% ತೆರಿಗೆ ಸೇರಿ 8,640. ಹತ್ತಿರ ಹತ್ತಿರ ಐದು ಸಾವಿರ ರೂಪಾಯಿ. ಲಕ್ಷ ಅಲ್ಲ, ಆದರೂ ಒಂದೇ ಒಂದು ಹಣ್ಣಿಗೆ! ಆಮೇಲೆ ಮೇ ತಿಂಗಳಲ್ಲಿ ಆಫೀಸಿನ ಗೆಳೆಯನ ಜೊತೆ ಮಿಯಾಝಾಕಿಗೇ ಹೋಗಿದ್ದೆ. ರಸ್ತೆ ಬದಿಯ ರೈತರ ಅಂಗಡಿಯಲ್ಲಿ ಅದೇ ಇರ್ವಿನ್, ತೊಟ್ಟಿನ ಹತ್ತಿರ ಕಾಸಿನಗಲ ಕಪ್ಪು ಕಲೆ, 1,200 ಯೆನ್. ಮೇಲೆ ‘ಮನೆ ಬಳಕೆಗೆ’ ಅಂತ ಒಂದು ಚೀಟಿ.

ಆ ಚೀಟಿ ನೋಡಿ ಭೇಷ್ ಅಂದುಕೊಂಡೆ. ‘ಎರಡನೇ ದರ್ಜೆ’ ಅಂತ ಬರೆದಿಲ್ಲ. ‘ಸೋವಿ’ ಅಂತಲೂ ಇಲ್ಲ. ಇದು ನೀವೇ ತಿನ್ನೋಕೆ, ಬೇರೆಯವರಿಗೆ ಕೊಡೋಕಲ್ಲ, ಅಷ್ಟೆ. ಅದರಿಂದ ಡಬ್ಬಿ ಹಣ್ಣಿನ ಬೆಲೆಗೆ ಏಟು ಬೀಳೋದಿಲ್ಲ. ಏಕೆಂದರೆ 8,640 ಕೊಟ್ಟವರು ಯಾರೂ ಅದನ್ನು ತಾವು ತಿನ್ನೋದಿಲ್ಲ. ಇಲ್ಲಿ ಜುಲೈಯಲ್ಲಿ ಒಂದು ಸಲ, ಡಿಸೆಂಬರ್‌ನಲ್ಲಿ ಒಂದು ಸಲ ಬಾಸಿಗೆ, ಡಾಕ್ಟರಿಗೆ, ಬೀಗರಿಗೆ ಉಡುಗೊರೆ ಕಳಿಸುವ ಪದ್ಧತಿ ಇದೆ. ಕೊಡುವ ಹಣ್ಣಿಗೆ ಕಲೆ ಇರಬಾರದು. ನಾವು ತಾಂಬೂಲಕ್ಕೆ ತೂತು ಬಿದ್ದ ಎಲೆ ಇಡ್ತೀವಾ?

ನೆಲಮಾಳಿಗೆಯಲ್ಲಿ ಹಣ್ಣು ಕೊಳ್ಳೋದನ್ನು ಒಮ್ಮೆ ನೋಡಬೇಕು. ಕೌಂಟರಿನ ಹುಡುಗಿ ಮೊದಲು ಕೇಳೋದು, ‘ಯಾವತ್ತು ತಿನ್ನುತ್ತಾರೆ?’ ದಿನ ಹೇಳಿದರೆ ಅವತ್ತಿಗೆ ಹದವಾಗುವ ಹಣ್ಣು ಆರಿಸುತ್ತಾಳೆ. ಮುಚ್ಚಳ ತೆಗೆದು, ಎರಡೂ ಕೈಯಲ್ಲಿ ಡಬ್ಬಿ ಬಾಗಿಸಿ ತೋರಿಸುತ್ತಾಳೆ. ನೀವು ಹೂಂ ಅಂದ ಮೇಲೆ ಕಾಗದದ ಮೇಲೆ ಡಬ್ಬಿಯನ್ನು ಓರೆಯಾಗಿಟ್ಟು ಉರುಳಿಸುತ್ತಾ ಸುತ್ತುತ್ತಾಳೆ. ಕೊನೆಗೆ ಒಂದೇ ಒಂದು ಚೂರು ಟೇಪು. ನನ್ನ ಕಣ್ಣ ಮುಂದೆಯೇ ಮಾವಿನ ಹಣ್ಣು ಒಡವೆ ಆಗಿಬಿಟ್ಟಿತು. ರುಚಿ ಕೇಳಿದರೆ? ಸಿಹಿ, ನಾರಿಲ್ಲ, ನಯ. ಬಾದಾಮಿಯ ಘಮದ ಅರ್ಧವೂ ಇಲ್ಲ. ಇದನ್ನು ಊರಭಿಮಾನ ಅಂತ ಬೇಕಾದರೂ ಅಂದುಕೊಳ್ಳಿ.

ಈಗ ನಮ್ಮ ಮನೆಯ ಕಥೆ. ಹಣ್ಣುನೊಣದ ಭಯದಿಂದ ಜಪಾನು ನಮ್ಮ ಮಾವನ್ನು ಬಹಳ ವರ್ಷ ಒಳಗೆ ಬಿಟ್ಟಿರಲಿಲ್ಲ. 2006ರಲ್ಲಿ ಬಿಸಿ ಹಬೆ ಕೊಟ್ಟು ಕಳಿಸಿದರೆ ಆಗಬಹುದು ಅಂತ ಬಾದಾಮಿ, ಬೇನಿಷಾ, ಮಲ್ಲಿಕಾ ಸೇರಿ ಆರು ತಳಿಗೆ ಒಪ್ಪಿತು. ಬರೋದು ಕಡಿಮೆ, ಆದರೂ ನಾವಿರುವ ಟೋಕಿಯೊದ ನಿಶಿ-ಕಸಾಯಿಯಲ್ಲಿ ನಮ್ಮವರು ಜಾಸ್ತಿ, ಸೀಸನ್ನಿನಲ್ಲಿ ಅಂಗಡಿಗೆ ಒಂದಿಷ್ಟು ಬರುತ್ತದೆ. ಹೋದ ವರ್ಷದ ಹಿಂದಿನ ವರ್ಷ ನನ್ನ ಹೆಂಡತಿ ಎರಡು ಬಾದಾಮಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪಕ್ಕದ ಮನೆ ಅಜ್ಜಿಗೆ ಕೊಟ್ಟು ಬಂದಳು. ಊರಿನಲ್ಲಿ ಕಾಂಪೌಂಡಿನ ಮೇಲಿಂದ ಕೊಡ್ತೀವಲ್ಲ, ಹಾಗೆ. ಎರಡು ದಿನ ಬಿಟ್ಟು ಅಜ್ಜಿ ಒಂದು ಪೊಟ್ಟಣ ಸೆಂಬೆ, ಅಂದರೆ ಅಕ್ಕಿಯ ಗರಿಗರಿ ಬಿಲ್ಲೆ, ತಂದುಕೊಟ್ಟರು. ಸೂಪರ್ ಮಾರ್ಕೆಟಿನದು, 400 ಯೆನ್ ಇರಬಹುದು.

ಇಲ್ಲಿ ಏನಾದರೂ ಕೊಟ್ಟರೆ ತಿರುಗಿ ಕೊಡಲೇಬೇಕು. ಬಂದದ್ದರ ಬೆಲೆಯ ಅರ್ಧದಷ್ಟು ಕೊಡೋದು ವಾಡಿಕೆ.

ಹೋದ ವರ್ಷ ಅದೇ ಅಂಗಡಿ, ಅದೇ ಬಾದಾಮಿ, ಎರಡೇ ಹಣ್ಣು, ಒಟ್ಟು 2,000 ಯೆನ್. ಈ ಸಲ ಅವಳು ಒಂದೊಂದಕ್ಕೂ ಬಿಳಿ ಫೋಮಿನ ಬಲೆ ತೊಡಿಸಿ, ಹಳೆಯ ಸಿಹಿ ಡಬ್ಬಿಯಲ್ಲಿ ತೆಳು ಕಾಗದ ಹಾಸಿ ಇಟ್ಟಳು. ನಮ್ಮ ತೋಟದ ಒಂದು ಫೋಟೋ, ಜೊತೆಗೆ ನಮ್ಮೂರು ಇನ್ನೂರು ಮುನ್ನೂರು ಮಾವಿನ ತೋಟಗಳ ನಡುವೆ ಇದೆ ಅಂತ ಜಪಾನಿಯಲ್ಲಿ ಎರಡು ಸಾಲು. ಅಜ್ಜಿ ಬಾಗಿಲಲ್ಲೇ ಮೂರು ಸಲ ಬಗ್ಗಿದರು. ಐದನೇ ದಿನ ಬಂದಿದ್ದು ಡಿಪಾರ್ಟ್‌ಮೆಂಟ್ ಸ್ಟೋರಿನ ಕಾಗದ ಸುತ್ತಿದ ಯೋಕಾನ್, ಅಂದರೆ ಕಾಳಿನ ಸಿಹಿ ಜೆಲ್ಲಿಯ, ಡಬ್ಬಿ. ಇವಳು ಸುಮ್ನೆ ಇರಲಾರದೆ ಆನ್‌ಲೈನಿನಲ್ಲಿ ನೋಡಿದಳು: 3,240 ಯೆನ್.

ಅಂದರೆ ಅಜ್ಜಿಯ ಲೆಕ್ಕದಲ್ಲಿ ನಮ್ಮ ಎರಡು ಬಾದಾಮಿ ಆರೂವರೆ ಸಾವಿರ. ಕವರಿನಲ್ಲಿದ್ದಾಗ ಎಂಟುನೂರು. ನಮಗೆ ನಾಚಿಕೆಯೂ ಆಯ್ತು, ಪಾಪ, ಪೆನ್ಷನ್ನಿನಲ್ಲಿ ಬದುಕುವವರು. ಈ ವರ್ಷ ಕವರೂ ಅಲ್ಲದ ಡಬ್ಬಿಯೂ ಅಲ್ಲದ ನಡುವಿನದು ಏನಾದರೂ ಹುಡುಕಬೇಕು ಅಂತ ಮನೆಯಲ್ಲಿ ದಿನಾ ಚರ್ಚೆ.

ಇಷ್ಟನ್ನೂ ತಮ್ಮ ಸುಮ್ಮನೆ ಕೇಳಿಸಿಕೊಂಡ. ಬೆಂಗಳೂರಿನಲ್ಲಿ ಮಾವು ಅಭಿವೃದ್ಧಿ ನಿಗಮದವರು 3 ಕೆ.ಜಿ. ಡಬ್ಬಿ ಮಾಡಿಸಿ ಅಂಚೆಯವರ ಕೈಲಿ ಮನೆಗೆ ತಲುಪಿಸುತ್ತಾರಲ್ಲ, ಅದನ್ನಾದರೂ ವಿಚಾರಿಸು ಅಂದೆ. ತೋತಾಪುರಿಗೆ ಅದು ಆಗಲ್ಲ ಅಣ್ಣಾ, ಬಾದಾಮಿ ಇಪ್ಪತ್ತು ಮರ ಇದೆ ಅಷ್ಟೆ ಅಂದ. ಅವನು ಹೇಳೋದೂ ಸರಿಯೇ. ಟನ್‌ಗಟ್ಟಲೆ ಜ್ಯೂಸಿಗೆ ಹೋಗೋ ಕಾಯಿಗೆ ಯಾರು ಬಲೆ ತೊಡಿಸುತ್ತಾರೆ?

ಆಚೆ ಮೊನ್ನೆ ಮತ್ತೆ ಮೆಸೇಜು. ಈ ಸಲ ಸಸಿ ಫೋಟೋ ಅಲ್ಲ, ಮಂಡಿ ಪಕ್ಕದ ಅಂಗಡಿಯ ಪಪ್ಪಾಯಿ ಮೇಲಿನ ಬಿಳಿ ಫೋಮಿನ ಬಲೆ.

‘ಅಣ್ಣಾ, ಅತ್ತಿಗೆ ಹಾಕಿದ್ದು ಇದೇ ತಾನೇ? ಇಲ್ಲಿ ನೂರಕ್ಕೆ ಎಷ್ಟು ಅಂತ ಕೇಳ್ಕೊಂಡು ಬರ್ತೀನಿ.’