ಹಮ್‌ಡ್ರಮ್ ಮೇಷ್ಟ್ರು

ನಮ್ಮ ಇಂಗ್ಲಿಷ್ ಮೇಷ್ಟ್ರು ತೀರಿಕೊಂಡ ಸುದ್ದಿ ಗೊತ್ತಾದಾಗ ಹಳೆಯ ಗೆಳೆಯರೆಲ್ಲ ನೆನಪಿಸಿಕೊಂಡಿದ್ದು ಒಂದೇ ಪದವನ್ನು: ‘ಹಮ್‌ಡ್ರಮ್’.

ಒಂಬತ್ತನೇ ತರಗತಿಯಲ್ಲಿ ಊಟದ ನಂತರದ ಪೀರಿಯಡ್ಡು ಅವರದು. ಅರ್ಧ ಕ್ಲಾಸು ತೂಕಡಿಸುತ್ತಿತ್ತು. ಒಂದು ದಿನ ಅವರು ಪಾಠವನ್ನು ಏರಿಳಿತವೇ ಇಲ್ಲದೆ ಒಂದೇ ಸಮನೆ ಓದುತ್ತಾ ಹೋದರು. ಮೊದಲು ನಕ್ಕೆವು. ಆಮೇಲೆ ಆಕಳಿಸಿದೆವು. ಪುಸ್ತಕ ಮುಚ್ಚಿ, ‘ಇದು ಮೊನಾಟನಸ್’ ಅಂದರು. ಗ್ರೀಕಿನಲ್ಲಿ ಮೊನೊಸ್ ಅಂದರೆ ಒಂದೇ, ಟೋನೊಸ್ ಅಂದರೆ ಸ್ವರ. ಇನ್ನೂ ಎರಡು ಪದ ಬೋರ್ಡಿಗೆ ಬಂದವು. ಕೆಲಸ ಮುಗಿಯದೆ ಎಳೆದಾಡಿ ಸುಸ್ತು ಮಾಡಿದರೆ ಟೀಡಿಯಸ್. ನಿನ್ನೆಯ ಹಾಗೇ ಇವತ್ತು, ಇವತ್ತಿನ ಹಾಗೇ ನಾಳೆ ಅನ್ನುವಂತಿದ್ದರೆ ಹಮ್‌ಡ್ರಮ್. ಈ ಕೊನೆಯದು ನಮಗೆ ಹಿಡಿಸಿಬಿಟ್ಟಿತು. ‘ಹಮ್’ ಜೊತೆ ಪ್ರಾಸಕ್ಕೆ ‘ಡ್ರಮ್’ ಸೇರಿಕೊಂಡಿದೆ, ನಮ್ಮ ಗಡಿಬಿಡಿ, ಗಿಜಿಬಿಜಿಗಳ ಥರ. ಬೇಸರದ ಪದ ಇಷ್ಟು ಮಜಾ ಕೊಡಬಾರದು, ಅಲ್ವಾ?

ಮಾರನೇ ದಿನ ಗೋಡೆಯ ಟೈಮ್‌ಟೇಬಲ್‌ನಲ್ಲಿ ಒಂದು ವಿಷಯದ ಹೆಸರು ಹೊಡೆದು, ಅದಿದ್ದ ಕಡೆಯೆಲ್ಲ ‘ಹಮ್‌ಡ್ರಮ್’ ಎಂದು ಬರೆದೆವು. ಯಾವ ವಿಷಯ ಅಂತ ಹೇಳುವುದಿಲ್ಲ. ಆ ಮೇಷ್ಟ್ರು ಈ ಸಂಚಿಕೆಯನ್ನು ಓದುತ್ತಾರೆ! ಇಂಗ್ಲಿಷ್ ಮೇಷ್ಟ್ರು ನೋಡಿದರು. ಯಾರ ಕೆಲಸ ಅಂತ ಕೇಳಲೇ ಇಲ್ಲ. ನಾವು ಒಂದು ‘ಎಮ್’ ಜಾಸ್ತಿ ಹಾಕಿದ್ದೆವು. ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದುಹಾಕಿದರು. ಆಮೇಲೆ ಇಡೀ ಕ್ಲಾಸಿಗೆ ಶಿಕ್ಷೆ: ಆ ಪದವನ್ನು 100 ಸಲ ಬರೆಯಬೇಕು. ‘ಬರೆದಾದ ಮೇಲೆ ಹೇಳಿ, ಈ ಶಿಕ್ಷೆ ಮೂರರಲ್ಲಿ ಯಾವುದು?’

ಕ್ಲಾಸಿನಲ್ಲಿ ದೊಡ್ಡ ಜಗಳವೇ ಆಯಿತು. ನಾನು ಎದ್ದು ನಿಂತೆ. ‘ಕೇಳೋದಕ್ಕೆ ಮೊನಾಟನಸ್, ಅರ್ಧ ದಾಟಿದ ಮೇಲೆ ಟೀಡಿಯಸ್, ದಿನಾ ಕೊಟ್ಟರೆ ಹಮ್‌ಡ್ರಮ್ ಸಾರ್’ ಅಂದೆ. ಅವರು ಜೋರಾಗಿ ನಕ್ಕಿದ್ದನ್ನು ನಾನು ಕಂಡಿದ್ದು ಅವತ್ತೇ. ಆ ವರ್ಷದ ಪಾಠ ಒಂದೂ ನೆನಪಿಲ್ಲ. ಆದರೆ ನನ್ನ ಆಫೀಸಿನ ಪತ್ರಗಳನ್ನು ಓದಿದವರು ‘ಇಂಗ್ಲಿಷ್ ಎಲ್ಲಿ ಕಲಿತಿರಿ?’ ಅಂತ ಈಗಲೂ ಕೇಳುತ್ತಾರೆ.

ನನ್ನ ಮಗಳ ಪುಸ್ತಕದಲ್ಲಿ ‘ಬೋರಿಂಗ್’ ಎದುರು ಸಾಲಾಗಿ ಪದಗಳಿವೆ. ಎಲ್ಲಕ್ಕೂ ಅರ್ಥ ಒಂದೇ ಅಂತೆ. ಡ್ರ್ಯಾಬ್ ಅನ್ನುವುದು ಬಣ್ಣಗೆಟ್ಟ ಬಟ್ಟೆಗೆ, ಕಳೆಯಿಲ್ಲದ ಗೋಡೆಗೆ ಹೇಳುವ ಮಾತು, ಉದ್ದದ ಲೆಕ್ಕಕ್ಕಲ್ಲ ಅಂತ ವಿವರಿಸಲು ಕೂತೆ. ಆಮೇಲೆ ಮೊನಾಟನಸ್‌ಗೆ ಬಂದೆ. ಪುಟ ಓದಿಯೂ ತೋರಿಸಿದೆ, ಮೇಷ್ಟ್ರ ಹಾಗೇ.

‘ಪರೀಕ್ಷೆಗೆ ಅಷ್ಟೆಲ್ಲ ಬೇಡಪ್ಪಾ’ ಅಂದಳು. ಅವಳಿಗೆ ಇಂಗ್ಲಿಷಿನಲ್ಲಿ 98 ಬಂದಿದೆ.