ಮೂರು ವಾರ ಇನ್ವರ್ಸ್ ಹಿಂದೆ ಬಿದ್ದಿದ್ದೆ

ದಾವಣಗೆರೆಯ ವಿದ್ಯಾನಗರದ ಮನೆಯಲ್ಲೇ ಕೂತು 5ಜಿ ಟವರ್‌ಗಳಿಗೆ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. 64 ಆಂಟೆನಾಗಳ ಟವರ್ ಒಂದೇ ಹೊತ್ತಿಗೆ, ಒಂದೇ ಫ್ರೀಕ್ವೆನ್ಸಿಯಲ್ಲಿ 8 ಫೋನ್‌ಗಳ ಸಿಗ್ನಲ್ ಹಿಡಿಯಬೇಕು. ಎಲ್ಲವೂ ಕಲಸಿಕೊಂಡೇ ಬರುತ್ತವೆ. ಬಿಡಿಸಲು 8×8 ಮ್ಯಾಟ್ರಿಕ್ಸ್ (ಸಂಖ್ಯೆಗಳ ಕೋಷ್ಟಕ) ಒಂದರ ಇನ್ವರ್ಸ್, ಅಂದರೆ ಗುಣಿಸಿದರೆ ಅದನ್ನು ರದ್ದು ಮಾಡುವ ಇನ್ನೊಂದು ಮ್ಯಾಟ್ರಿಕ್ಸ್ ಬೇಕು. ನಮಗೆ ಸಿಗುವುದು ಒಂದು ಸ್ಲಾಟ್, ಅಂದರೆ ಅರ್ಧ ಮಿಲಿಸೆಕೆಂಡ್.

ನನ್ನ ಕೋಡ್ ಅಷ್ಟರಲ್ಲಿ ಮುಗಿಯುತ್ತಿರಲಿಲ್ಲ. ಇನ್ವರ್ಸ್ ಅಂದರೆ ಭಾರ ಅಂತ ಕಾಲೇಜಿನಿಂದಲೇ ತಲೆಯಲ್ಲಿ ಕೂತಿತ್ತು. ಮೂರು ವಾರ ಅದನ್ನೇ ತಿದ್ದಿದೆ. ನೇರ ಇನ್ವರ್ಸ್ ಬಿಟ್ಟು, ಮ್ಯಾಟ್ರಿಕ್ಸನ್ನು ಎರಡು ತ್ರಿಕೋನ ಮ್ಯಾಟ್ರಿಕ್ಸ್‌ಗಳಾಗಿ ಒಡೆದು ಉತ್ತರ ತೆಗೆಯುವ ಚೊಲೆಸ್ಕಿ ವಿಧಾನಕ್ಕೆ ಬಂದೆ. ಅದರಿಂದ ಉಳಿತಾಯವಾದ ಸಮಯ ತೀರಾ ಕಡಿಮೆ.

ಚಿತ್ರದುರ್ಗದವರಾದ ನಮ್ಮ ಸೀನಿಯರ್ ಮೇಡಂ ಒಂದು ಕಾಲ್‌ನಲ್ಲಿ ಕೇಳಿದರು: "ಆ 8×8 ಮ್ಯಾಟ್ರಿಕ್ಸ್ ತಯಾರು ಮಾಡೋಕೆ ಎಷ್ಟು ಗುಣಾಕಾರ ಆಗುತ್ತೆ, ಎಣಿಸಿದೀರಾ?"

ಎಣಿಸಿರಲಿಲ್ಲ. ಅವತ್ತೇ ಪೆನ್ನು ಹಿಡಿದೆ. ಮ್ಯಾಟ್ರಿಕ್ಸಿನಲ್ಲಿ 64 ಮನೆಗಳು. ಒಂದೊಂದು ಮನೆಗೂ ಆಂಟೆನಾಗೊಂದರಂತೆ 64 ಗುಣಾಕಾರ. ಒಟ್ಟು 4096! ನಾನು ಜಗ್ಗಾಡುತ್ತಿದ್ದ ಇನ್ವರ್ಸ್‌ಗೆ ಬೇಕಿದ್ದದ್ದು ಹೆಚ್ಚುಕಡಿಮೆ 512. ಭಾರ ಇದ್ದದ್ದೇ ಬೇರೆ ಕಡೆ.

ಈ ಮ್ಯಾಟ್ರಿಕ್ಸ್ ಹರ್ಮೀಷಿಯನ್. ಅಂದರೆ ಕರ್ಣ ಮತ್ತು ಅದರ ಮೇಲಿನ ಅರ್ಧ ಗೊತ್ತಾದರೆ ಸಾಕು, ಕೆಳಗಿನದು ಅದರದೇ ಕಾಂಜುಗೇಟ್ (ಕಾಲ್ಪನಿಕ ಭಾಗದ ಚಿಹ್ನೆ ಮಾತ್ರ ತಿರುಗಿದ ಪ್ರತಿ). ಇದು ಪುಸ್ತಕದಲ್ಲಿ ಓದಿದ್ದೇ ಅಲ್ವಾ, ಆದರೂ ನನ್ನ ಲೂಪ್ ಸುಮ್ನೆ ಎರಡೂ ಅರ್ಧ ಲೆಕ್ಕ ಹಾಕುತ್ತಿತ್ತು. 36 ಮನೆಗಳಷ್ಟೇ ಸಾಕು, ಅಂದರೆ 2304 ಗುಣಾಕಾರ. ನಮ್ಮ 100 ಮೆಗಾಹರ್ಟ್ಸ್‌ನಲ್ಲಿ 273 ರಿಸೋರ್ಸ್ ಬ್ಲಾಕ್‌ಗಳು, ಅಂದರೆ ಫ್ರೀಕ್ವೆನ್ಸಿಯ ಸಣ್ಣ ತುಂಡುಗಳಿವೆ. ಬ್ಲಾಕಿಗೊಂದು ಮ್ಯಾಟ್ರಿಕ್ಸ್ ಅಂತ ಹಿಡಿದರೂ ಸುಮಾರು 11 ಲಕ್ಷ ಇದ್ದದ್ದು 6.3 ಲಕ್ಷಕ್ಕೆ ಇಳಿಯಿತು. ಕೋಡ್ ಸ್ಲಾಟಿನೊಳಗೆ ಮುಗಿಯಿತು.

ಆಮೇಲೆ ಇನ್ನೊಂದು ತೊಂದರೆ. ಬೆಣ್ಣೆದೋಸೆ ಹೋಟೆಲಿನಲ್ಲಿ ಇಬ್ಬರು ಒಂದೇ ಟೇಬಲಿಗೆ ಕೂತು ಫೋನ್ ಅಕ್ಕಪಕ್ಕ ಇಟ್ಟಿದ್ದಾರೆ ಅಂದುಕೊಳ್ಳಿ. ಟವರ್‌ಗೆ ಆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣಬಹುದು. ಅಂಥ ಒಂದು ಟೆಸ್ಟಿನಲ್ಲಿ ಚೊಲೆಸ್ಕಿ ನಿಂತೇ ಹೋಯಿತು. ವರ್ಗಮೂಲದೊಳಗಿನ ಸಂಖ್ಯೆ ಪಾಸಿಟಿವ್ ಇರಬೇಕಿತ್ತು, 16 ಬಿಟ್‌ಗೆ ರೌಂಡ್ ಮಾಡಿದ್ದರಿಂದ ನೆಗೆಟಿವ್ ಆಗಿತ್ತು. ಕೂಡುವ ಲೆಕ್ಕವನ್ನು 32 ಬಿಟ್‌ನಲ್ಲಿ ಇಟ್ಟೆ. ಕರ್ಣಕ್ಕೆ ನಾಯ್ಸ್‌ನ ಪ್ರಮಾಣ ಸೇರಿಸಿದೆ. ಇದು ನಾಯ್ಸನ್ನೂ ಲೆಕ್ಕಕ್ಕೆ ಹಿಡಿದು ಸರಾಸರಿ ತಪ್ಪನ್ನು ಕಡಿಮೆ ಮಾಡುವ ಎಂಎಂಎಸ್‌ಇ ವಿಧಾನವೇ. ನಾಯ್ಸ್ ಜಾಸ್ತಿ ಇದ್ದಾಗ ಫಲಿತಾಂಶವೂ ಇದರಲ್ಲೇ ಚೆನ್ನಾಗಿರುತ್ತದೆ.

ಈಗ ಕೋಡ್ ಬದಲಿಸಿದಾಗಲೆಲ್ಲ ನಾನು ಮೊದಲು ಓಡಿಸುವುದು ಆ ಎರಡು ಫೋನ್‌ಗಳ ಟೆಸ್ಟನ್ನೇ.